ಕೊನೆಯ ಗಂಟಿನ ಮೇಲೆ ಹೆಬ್ಬೆರಳು

ದಾರ ಸಡಿಲವಾಗುತ್ತಿದೆ, ಆನ್‌ಲೈನ್ ತರಗತಿಯ ಪರದೆಯ ಎಡಮೂಲೆಯಲ್ಲಿ, ಸ್ಲಾವಿತ್ಸಾಳ ಕೈಯಲ್ಲಿ, ಬಿಳಿ ಲೇಸಿನ ಹೂವು ಎಸಳೆಸಳಾಗಿ ಬಿಚ್ಚಿಕೊಳ್ಳುತ್ತಿದೆ — ನೆಟ್ ಕೈಕೊಟ್ಟಿತು, ಚಿತ್ರ ಅಲುಗುತ್ತಿದೆ ಅಂದುಕೊಂಡೆ, ಅಲ್ಲ, ಅವಳ ಮುಖ ನೆಟ್ಟಗಿದೆ, ಹೂವೇ ಹೋಗುತ್ತಿದೆ, ಟೀಚರ್ ಏನಿದು, ನಾನೇನೂ ಎಳೀಲಿಲ್ಲ, ಅಡಿಗಿಟ್ಟಿದ್ದ ಬಟ್ಟೆಯಿಂದ ಬಿಡಿಸ್ದೆ ಅಷ್ಟೇ — ರಿಯೆಕಾದಲ್ಲಿ ಬಸ್ಸು ಓಡಿಸಿ ನಿವೃತ್ತಳಾದವಳು, ಇಡೀ ಚಳಿಗಾಲ ನನ್ನ ವಿಡಿಯೋ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ ಹೆಣೆದ ಹೂವು, ಮಗಳ ಮದುವೆಯ ಮುಸುಕಿಗೆ, ಪಕ್ಕದ ಚೌಕದಲ್ಲಿ ಫ್ರಾನೆ, ಹಡಗಿನಲ್ಲಿ ಅಡುಗೆಯವನಾಗಿದ್ದವನು, ನಗುತ್ತಿದ್ದಾನೆ, ಟೀಚರಮ್ಮಾ ನಂದು ಶಾವಿಗೆ ಆಯ್ತು, ಚೀಸ್ ತುರೀಲಾ, ಯಾರೂ ಜೊತೆಗೆ ನಗಲಿಲ್ಲ, ಎಲ್ಲರ ಚೌಕದಲ್ಲೂ ಅದೇ, ಒಂದೇ ಸಲ, ಸುಕ್ಕುದಾರದ ಗೊಂಚಲು, ಒಂದು ನಿಮಿಷ ಬಂದೆ ಅಂತ ಮೈಕ್ ಮುಚ್ಚಿದೆ. ಆ ವಿಡಿಯೋ ತೆರೆದೆ, ಕೊನೆಯ ಗಂಟಿನ ಪಾಠ, ಸೋದರತ್ತೆಯ ಕೈಗಳು, ನಾನೇ ದೀಪ ಹಿಡಿದು ತೆಗೆದದ್ದು, ಎಷ್ಟು ಉತ್ಸಾಹ ನನಗೆ, ಯೆರ್ಕಾ ಅತ್ತೆಯ ಕೈಗಳನ್ನು ಜಗತ್ತೇ ನೋಡುತ್ತದೆ ಅಂತ — ಸೂಜಿ ಸುತ್ತಿತು, ಒಳಗೆ ನುಗ್ಗಿತು, ಈಗ ಗಂಟು, ಈಗ — ಹೆಬ್ಬೆರಳು ಬಂತು. ಅಡ್ಡ. ಬೆರಳು ಸರಿಯುವಾಗ ಗಂಟು ಬಿದ್ದಾಗಿದೆ. ನಿಧಾನಕ್ಕೆ ಓಡಿಸಿದೆ, ಹೆಬ್ಬೆರಳು. ಪಕ್ಕದಿಂದ ತೆಗೆದದ್ದು ಹಾಕಿದೆ, ಅತ್ತೆ ಕೈಯನ್ನು ಸ್ವಲ್ಪವೇ ಹೊರಳಿಸುತ್ತಾಳೆ, ಕ್ಯಾಮೆರಾ ಎಲ್ಲಿದೆ ಅಂತ ಗೊತ್ತಿದ್ದವಳ ಹಾಗೆ, ಹೆಬ್ಬೆರಳು. ಮೇಲೆ ನನ್ನದೇ ದನಿ, ಹುರುಪಿನ ದನಿ, ನೋಡಿದಿರಲ್ಲ, ಹೀಗೆ ಸುತ್ತಿ ಎಳೆದರೆ ಮುಗೀತು! ಏನು ನೋಡಿದರು, ನಾನಾದರೂ ಏನು ನೋಡಿದೆ. ಹೊರಗೆ ಬುರಾ ಗಾಳಿ, ಕಿಟಕಿಯ ಗಾಜಿಗೆಲ್ಲ ಸಮುದ್ರದ ಉಪ್ಪು, ಕೆಳಗೆ ಅಡುಗೆಮನೆಯಲ್ಲಿ ಅತ್ತೆ ಸಾರ್ಡಿನ್ ಕರಿಯುತ್ತಿದ್ದಾಳೆ, ಮೆಟ್ಟಿಲ ಮೇಲಿಂದಲೇ ಕೂಗಿದೆ, ಅತ್ತೆ, ಬೇಕಂತಲೇ ಮುಚ್ಚಿದ್ಯಾ — ತಿರುಗಲೂ ಇಲ್ಲ, ಹ್ಞೂಂ ಮುಚ್ದೆ, ಊರಿಗೆಲ್ಲ ಹಂಚೋಕೆ ಅದೇನು ಅಂಜೂರಾನಾ, ಈ ಮನೆ ಗಂಟು ಅದು, ಅಜ್ಜಿ ಅಮ್ಮಂಗೆ ಕೊಟ್ಳು, ಅಮ್ಮ ನಂಗೆ ಕೊಟ್ಳು, ಹೊಟ್ಟೇಲಿ ಹುಟ್ಟಿದ ಹೆಣ್ಣಿಗಷ್ಟೇ — ಮತ್ತೆ ನಂಗೆ — ನೀನು ತಮ್ಮನ ಮಗಳು ಕಣೇ ಬಂಗಾರ, ನಿಮ್ಮಮ್ಮ ಆಚೆ ದಡದವಳು, ಹೊರಗಿನವಳು — ನಿಂಗೆ ಮಗಳೇ ಇಲ್ವಲ್ಲ ಅತ್ತೆ! — ಇಲ್ದಿದ್ರೆ ನನ್ ಜೊತೇಲೇ ಹೋಗ್ಲಿ, ಬಾ, ಮೀನು ಆರ್ತದೆ. ಬಂಗಾರ ಅಂದಳು, ಈಗಲೂ ಬಂಗಾರ ಅಂದಳು. ಬೀದಿಬಾಗಿಲಲ್ಲಿ ಅವಳ ಮೊಣಕಾಲಿಗೆ ಒರಗಿ ಕೂತ ಬೇಸಿಗೆಗಳು, ಮಡಿಲಲ್ಲಿ ಲೇಸು ಹೆಣೆಯುವ ಗಟ್ಟಿದಿಂಬು, ಎದುರುಮನೆಯ ಹೆಂಗಸರು, ನಿನ್ನ ಸೊಸೆ ಕೈ ಥೇಟ್ ನಿಂದೇ ಕಣೇ ಯೆರ್ಕಾ ಅಂದರೆ ನಾನು ಉಬ್ಬಿಹೋಗುತ್ತಿದ್ದೆ, ಹೂವು ಮುಗಿಯುವಷ್ಟರಲ್ಲಿ ಅತ್ತೆ, ಕೊಡಿಲ್ಲಿ ಪುಟ್ಟಿ, ಕಣ್ಣು ಸೋತಿದೆ ನಿಂಗೆ, ಕೊನೇದು ನಾನ್ ಹಾಕ್ತೀನಿ — ಪ್ರತಿ ಸಲ, ಈ ಪಾಠಕ್ಕೆ ಮಾದರಿ ಹೆಣೆದಾಗಲೂ, ಕೊಡಿಲ್ಲಿ, ಅದನ್ನು ಪ್ರೀತಿ ಅಂದುಕೊಂಡಿದ್ದೆ, ಪ್ರೀತಿಯೂ ಇದ್ದೀತು, ಅದೇ ಸುಡುತ್ತದೆ, ಒಂದು ಹೂವನ್ನೂ ನಾನು ಮುಗಿಸಿಲ್ಲ, ಒಂದನ್ನೂ, ಟೀಚರಂತೆ ಟೀಚರು. ಮತ್ತೆ ಪರದೆಯ ಮುಂದೆ ಕೂತೆ, ಟೀಚರ್ ಇದ್ದೀರಾ, ಸ್ಲಾವಿತ್ಸಾ ಕೇಳುತ್ತಿದ್ದಾಳೆ, ಶನಿವಾರ ಮದುವೆ, ನೀವೇ ಒಂದ್ಸಲ ಹಾಕಿ ತೋರಿಸಿ, ನಾನು ಕಣ್ಣು ಮಿಟುಕಿಸಲ್ಲ, ಆಣೆ — ಎಲ್ಲರೂ ಪರದೆಗೆ ಮೂಗು ತಾಗಿಸಿ ಕಾಯುತ್ತಿದ್ದಾರೆ, ದಿಂಬು ಎಳೆದುಕೊಂಡೆ, ಸೂಜಿ ಸುತ್ತಿದೆ, ಒಳಗೆ ನುಗ್ಗಿಸಿದೆ, ಕೈ ಅತ್ತೆಯ ಕೈಯ ಹಾಗೆಯೇ ಸ್ವಲ್ಪ ಹೊರಳಿತು, ನಾನು ಹೊರಳಿಸಲಿಲ್ಲ, ಅದೇ ಹೊರಳಿತು, ಪರದೆಯಲ್ಲಿ ನನ್ನ ಹೆಬ್ಬೆರಳು ಬಂತು, ಅಡ್ಡ ಬಂತು, ಟೀಚರ್ ಬೆರಳು ತೆಗೀರಿ ಕಾಣ್ತಿಲ್ಲ, ತೆಗೆಯುವುದು ಹೇಗೆ, ತೆಗೆದರೆ ಕಾಣುತ್ತದಲ್ಲ, ಬೆರಳ ಕೆಳಗೆ ಗಂಟಿಲ್ಲ, ಏನೂ ಇಲ್ಲ, ಬರೀ ದಾರ, ಅದರ ಮೇಲೆ ಹೆಬ್ಬೆರಳು, ಹೆಬ್ಬೆರಳು —