ಪೂರ್ತಿ ಹೊಡೆದ ಮೊಳೆ

"ಮುದಿಯಾ, ಮೊಳೆ ತಲೆ ಸ್ವಲ್ಪ ಮೇಲಿರ್ಲಿ ಅಂತ ಎಷ್ಟು ಸಲ ಬೊಗಳ್ಬೇಕೋ ನಿನಗೆ? ಬಿಚ್ಚುವಾಗ ಹಲಗೆ ಸೀಳಿದ್ರೆ ನಿನ್ನ ಚರ್ಮ ಸುಲಿದು ಹಾಸ್ತೀನಿ."

ಎಂಜಿನಿಯರ್ ಸಾಹೇಬ ಕೆಳಗೆ ನಿಂತು ಬೈಯುತ್ತಿದ್ದ. ನಾನು ವೇದಿಕೆಯ ಮೇಲೆ ಮಂಡಿಯೂರಿ ಕೂತಿದ್ದೆ. ಪ್ರಮಾಣವಚನದ ವೇದಿಕೆಗೆ ನಾವು ಮೊಳೆಯನ್ನು ಪೂರ್ತಿ ಹೊಡೆಯುವುದಿಲ್ಲ. ಇಕ್ಕಳಕ್ಕೆ ಸಿಗುವಷ್ಟು ತಲೆ ಬಿಟ್ಟು, ಮೇಲೆ ದಪ್ಪ ಜಮಖಾನ ಹಾಸುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಬಿಚ್ಚಿ ಉಗ್ರಾಣಕ್ಕೆ ಸೇರಿಸುತ್ತೇವೆ. ಸರ್ಕಾರ ಬಿದ್ದು ಇನ್ನೊಬ್ಬ ಬಂದರೆ ಮತ್ತೆ ಅದೇ ಹಲಗೆ, ಅದೇ ಮೊಳೆ. ಈಚೆಗೆ ಆ ಹಲಗೆಗಳಿಗೆ ಧೂಳು ಕೂರುವಷ್ಟೂ ಬಿಡುವಿಲ್ಲ.

ನನ್ನ ಜೊತೆಗಾರನನ್ನು ಎಲ್ಲರೂ ಗರಗಸ ಎನ್ನುತ್ತಾರೆ; ಅವನ ಬಾಯಿ ನಿಂತದ್ದನ್ನು ಕಂಡವರಿಲ್ಲ. "ಈ ದೊರೆ ಎಷ್ಟು ದಿನ ಇರ್ತಾರೆ ಅಂತ ಹೇಳಿ ಸಾಹೇಬ್ರೇ, ಅಷ್ಟೇ ಆಳಕ್ಕೆ ಹೊಡೀತೀವಿ" ಎಂದ.

"ಮುಚ್ಕೊಂಡು ಕೆಲಸ ಮಾಡೋ, ಬೋಳಿಮಗನೆ."

ಈ ಸಲದ ಚುನಾವಣೆಯಲ್ಲಿ ಮತ ಹಾಕುವವರ ಸಾಲಿನ ಮೇಲೆ ಗುಂಡು ಹಾರಿದಾಗ ಆ ಸಾಲಿನಲ್ಲಿ ನನ್ನ ಮಗನಿದ್ದ. ಹಾರಿಸಿದ್ದು ಯಾರೆಂದು ಕೇಳಿದರೆ ಎರಡೂ ಪಕ್ಷದವರು ಎದುರಿನವರ ಕಡೆ ಕೈ ತೋರಿಸಿದರು. ಅಷ್ಟು ದಿನ ಶವಾಗಾರದಲ್ಲಿದ್ದ ಅವನ ಹೆಣ ಅಂದು ಬೆಳಿಗ್ಗೆ ಮನೆಗೆ ಬಂದಿತ್ತು. ಹೆಣದ ಪೆಟ್ಟಿಗೆ ಮಾಡಲು ಊರಿನಲ್ಲಿ ಮರವಿರಲಿಲ್ಲ. ಇದ್ದದ್ದನ್ನೆಲ್ಲ ವೇದಿಕೆಗೆಂದು ಈ ಚೌಕಕ್ಕೆ ಎತ್ತಿ ತಂದಿದ್ದರು. ನಾನು ಕೆಳಗಿಳಿದು ಕೈಮುಗಿದೆ.

"ನನ್ನ ಮಗನ ಪೆಟ್ಟಿಗೆಗೆ ನಾಕು ಹಲಗೆ ಕೊಡಿ, ಬುದ್ಧಿ."

"ಚಾಪೇಲಿ ಸುತ್ತು. ಓಟು ಹಾಕ್ತೀನಿ ಅಂತ ಹೋಗಿ ಸತ್ತವನಿಗೆ ಪೆಟ್ಟಿಗೆ ಬೇರೆ ಕೇಡು."

ಮಧ್ಯಾಹ್ನ ಅವನು ಊಟಕ್ಕೆ ಹೋದ. ನಾನು ವೇದಿಕೆಯ ನಡುವಿನ ಹಲಗೆಗಳಿಗೆ ಇಕ್ಕಳ ಹಾಕಿದೆ. ಮೊಳೆಗಳು ಹಾಲುಹಲ್ಲಿನ ಹಾಗೆ ಸಲೀಸಾಗಿ ಬಂದವು. ಗರಗಸ ಒಂದು ತುದಿಗೆ ಹೆಗಲು ಕೊಟ್ಟ. ಮನೆಯವರೆಗೂ ಅವನು ತುಟಿ ಬಿಚ್ಚಲಿಲ್ಲ.

ನನ್ನ ಹೆಂಡತಿ ಮಗನ ತಲೆಯ ಬಳಿ ಕೂತಿದ್ದಳು. ಪೆಟ್ಟಿಗೆ ಕೂಡಿಸಿ, ಮಗನನ್ನು ಮಲಗಿಸಿ, ಮುಚ್ಚಳ ಇಟ್ಟು ಹೊಡೆಯತೊಡಗಿದೆ. ಆಕೆ ಬಗ್ಗಿ ಒಂದು ಮೊಳೆಯ ಮೇಲೆ ಬೆರಳಾಡಿಸಿದಳು.

"ಇದೇನ್ರೀ, ಅರ್ಧಕ್ಕೆ ಬಿಟ್ಟಿದ್ದೀರಿ?"

ನೋಡಿದೆ. ಎಲ್ಲ ಮೊಳೆಗಳ ತಲೆಯೂ ಮೇಲೆ ನಿಂತಿತ್ತು. ಕೈ ತನ್ನ ರೂಢಿಯನ್ನು ಬಿಟ್ಟಿರಲಿಲ್ಲ.

"ಪೂರ್ತಿ ಹೊಡೀರಿ. ಇವನನ್ನ ಮತ್ತೆ ಯಾರೂ ಬಿಚ್ಚಬಾರ್ದು."

ದೇವರ ಹೆಸರು ಹೇಳುತ್ತ ಒಂದೊಂದನ್ನೂ ಮರದೊಳಕ್ಕೆ ಇಳಿಸಿದೆ. ಕೊನೆಯದು ಇಳಿಯುವ ಹೊತ್ತಿಗೆ ಸಾಹೇಬ ಬಾಗಿಲಲ್ಲಿ ನಿಂತಿದ್ದ. ಹಿಂದೆ ಪೊಲೀಸಿನವರಿದ್ದರು.

"ಕಳ್ಳ ನನ್ಮಗನೆ, ನಾಳೆ ದೊರೆ ಎಲ್ಲಿ ನಿಲ್ಬೇಕೋ, ತೂತಿನ ಮೇಲಾ? ಬಿಚ್ಚೋ."

ನಾನು ಇಕ್ಕಳ ಅವನ ಕೈಗಿಟ್ಟೆ. "ನೀವೇ ಬಿಚ್ಚಿ, ಸಾಹೇಬ್ರೇ."

ಅವನು ಮುಚ್ಚಳದ ಅಂಚಿನುದ್ದಕ್ಕೂ ತಡಕಾಡಿದ. ಹಿಡಿಯಲು ಎಲ್ಲಿಯೂ ತಲೆ ಸಿಗಲಿಲ್ಲ. ಇಕ್ಕಳ ಮತ್ತೆ ಮತ್ತೆ ಮರದ ಮೇಲೆ ಜಾರಿತು. ಬೆವರು ಒರೆಸಿಕೊಂಡು, ಬಾಗಿಲಿಗೆ ಅಡ್ಡವಾಗಿ ಹೋಗಿ ನಿಂತ.

ತಲೆಯ ಕಡೆ ನಾನು, ಕಾಲಿನ ಕಡೆ ಗರಗಸ. ನಡುವೆ ಆಕೆಯೂ ಕೈ ಕೊಟ್ಟಳು. ಎತ್ತಿದೆವು.

"ದಾರಿ ಬಿಡಿ, ಸಾಹೇಬ್ರೇ" ಎಂದ ಗರಗಸ. "ಭಾರ ಇದೆ."