ಸ್ಮಿರ್ ಎಂಬ ಮಳೆ

ಸೋಮವಾರ ಬೆಳಿಗ್ಗೆ ನಮ್ಮ ಮೀನುಗಾರಿಕೆ ಬಂದರಿನ ಕಚೇರಿಯವರು ಗಿರ್ಜಿ ವಾಟ್‌ಳ ಮೈಕು ಕಿತ್ತುಕೊಂಡು ಅದರ ಜಾಗದಲ್ಲಿ ಧ್ವನಿಮುದ್ರಣದ ಪೆಟ್ಟಿಗೆಯೊಂದನ್ನು ಇಟ್ಟರು.

ಗಂಡ ಕಡಲ ಪಾಲಾದ ಮೇಲೆ ಹವಾಮಾನ ಹೇಳುವುದೇ ಗಿರ್ಜಿಯ ಬದುಕು. ದೋಣಿಗಳು ಹೊರಡುವ ಮುನ್ನ ಧ್ವನಿವರ್ಧಕದಲ್ಲಿ ಅವಳ ಒಡಕು ದನಿ ಕೇಳಬೇಕು. ಅವಳ ಬಾಯಲ್ಲಿ ಹಾರ್ ಎಂದರೆ ಕಡಲಿನಿಂದ ತೆವಳಿ ಬರುವ ಮಂಜು. ಆಚೆ ಕೊಲ್ಲಿಯವರು ಅದನ್ನೇ ಹೌರ್ ಎನ್ನುತ್ತಾರೆ. ಬರೆಯುವುದು ಹೇಗೆಂದು ಇಂದಿಗೂ ಜಗಳವಿದೆ. ಸ್ನೆಲ್ ಎಂದರೆ ಎಲುಬು ಕಚ್ಚುವ ಗಾಳಿ. ಸ್ಮಿರ್ ಎಂದರೆ ಬಿದ್ದದ್ದೇ ತಿಳಿಯದೆ ಅಂಗಿ ತೋಯಿಸುವ ಮಳೆ. ನಮ್ಮವರು ದೋಣಿಯ ಹಗ್ಗ ಬಿಚ್ಚುವುದೂ ಬಿಚ್ಚದಿರುವುದೂ ಈ ಮಾತು ಕೇಳಿಯೇ. ಪ್ರವಾಸಿಗಳಿಗೆ ಇದು ಅರ್ಥವಾಗುವುದಿಲ್ಲವಂತೆ, ಅದಕ್ಕೇ ಪೆಟ್ಟಿಗೆಯಂತೆ. ಬಲೆ ಎಳೆಯುವವರು ಪ್ರವಾಸಿಗಳೋ?

ಮಂಗಳವಾರ ಪೆಟ್ಟಿಗೆ ಬಾಯಿ ತೆರೆಯಿತು. ಲಘು ಮಳೆ ಎಂದು ನಯವಾಗಿ ನುಡಿದು, ಶನಿವಾರದ ಬಂದರು ಹಬ್ಬದ ಊಟ ವರ್ಣಿಸತೊಡಗಿತು. ಮೊದಲಿಗೇ ಆ ಮೀನು. ಅದರ ಹೆಸರನ್ನು ನಾನು ಇಲ್ಲಿಯೂ ಬರೆಯಲಾರೆ. ದೋಣಿ ಹೊರಡುವ ಹೊತ್ತಿನಲ್ಲಿ ನುಡಿದರೆ ಕೇಡು; ನಮಗದು ಬರೀ ಕೆಂಪು ಮೀನು. ಬಾಯಿತಪ್ಪಿ ಬಂದರೆ ಕಬ್ಬಿಣ ಮುಟ್ಟಿ ದೋಷ ಕಳೆಯಬೇಕು. ಪೆಟ್ಟಿಗೆಗೆ ಇದೇನು ಗೊತ್ತು? ಕೆಸರಲ್ಲಿ ಹೊರಳುವ ಪ್ರಾಣಿಯನ್ನೂ, ಊಟ ಹರಸಲು ಬರುವ, ಭಾನುವಾರ ಚರ್ಚಿನಲ್ಲಿ ಉಪದೇಶ ಹೇಳುವ ಕರಿ ಕೋಟಿನವರನ್ನೂ ಒಂದೇ ಉಸಿರಿನಲ್ಲಿ ಹೆಸರು ಹಿಡಿದು ಕರೆಯಿತು. ಅವೂ ಆ ಹೊತ್ತಿನಲ್ಲಿ ನುಡಿಯಬಾರದ ಹೆಸರುಗಳೇ.

ಇಡೀ ಬಂದರೇ "ತಣ್ಣನೆ ಕಬ್ಬಿಣ, ತಣ್ಣನೆ ಕಬ್ಬಿಣ" ಎನ್ನುತ್ತಾ ಸರಪಳಿಗೂ ಲಂಗರಿಗೂ ಮುಗಿಬಿತ್ತು. ದಪ್ಪ ಮೀನುಗಾರ ಡಾಡ್ ಕೌವಿ ಏನೂ ಸಿಗದೆ ಬಂದರು ಅಧಿಕಾರಿಯ ಸೈಕಲ್ಲನ್ನೇ ತಬ್ಬಿ ನಿಂತ. ನಕ್ಕು ನಕ್ಕು ನಮಗೆ ಪಕ್ಕೆ ನೋವು ಬಂತು. ಆದರೆ ಅಂದು ಒಂದು ದೋಣಿಯೂ ಕದಲಲಿಲ್ಲ, ಮೀನಿನ ಹರಾಜುಕಟ್ಟೆ ಖಾಲಿ ಬಿತ್ತು. ಎಲ್ಲರೂ ಗಿರ್ಜಿಯ ಬಾಗಿಲಲ್ಲಿ ನೆರೆದು ಚಹಾ ಕುಡಿದೆವು.

ಮಧ್ಯಾಹ್ನ ಅಧಿಕಾರಿ ಲೆನಾಕ್ಸ್ ತಾನೇ ಮೈಕು ಹಿಡಿದು ಅಲ್ಲಿಗೆ ಬಂದ. ಅಪಶಕುನದ ಹೆಸರುಗಳನ್ನೆಲ್ಲ ಹೊಡೆದುಹಾಕಿದ್ದಾಗಿದೆ, ಇನ್ನು ಈ ಕಾಗದ ನೋಡಿ ಓದಿದರೆ ಕೆಲಸ ಅವಳದೇ ಎಂದ. ಗಿರ್ಜಿ ಕನ್ನಡಕ ಏರಿಸಿ ಓದಿದಳು.

"ಲಘು ಮಳೆ ಅಂತ ಬರೆದಿದ್ದೀಯಲ್ಲ ಮಗಾ, ಎಂಥ ಲಘು? ಮೈ ತೋಯಿಸೋದಾ, ಗಾಳಿ ಜೊತೆ ಹೊಡೆಯೋದಾ?"

ಲೆನಾಕ್ಸ್ ಕತ್ತೆತ್ತಿ ಆಕಾಶ ನೋಡಿದ.

"ಪಾಪ, ಸಾಹೇಬ್ರು ಮಳೆನ ಕಿಟಕಿಯಿಂದ ನೋಡಿರೋರು ಕಣಕ್ಕಾ," ಎಂದ ಡಾಡ್.

ಗುಂಪು ಗೊಳ್ಳೆಂದಿತು. ಲೆನಾಕ್ಸ್‌ನ ಕಿವಿ ಕೆಂಪಾಯಿತು. "ಬರೆದದ್ದನ್ನ ಬರೆದ ಹಾಗೇ ಓದ್ಬೇಕು ಮಿಸೆಸ್ ವಾಟ್. ಇಲ್ಲಾಂದ್ರೆ ಈ ಮೈಕು ನಿಮ್ಗೆ ಮತ್ತೆ ಸಿಗಲ್ಲ."

ಗಿರ್ಜಿ ಮೈಕಿನ ಮೇಲೆ ಒಮ್ಮೆ ಕೈಯಾಡಿಸಿದಳು. ಆಮೇಲೆ ಕಾಗದವನ್ನು ಅಚ್ಚುಕಟ್ಟಾಗಿ ಮಡಚಿ ಅವನ ಕೋಟಿನ ಜೇಬಿಗೆ ತುರುಕಿದಳು.

"ಓದಲ್ಲ ಮಗಾ," ಎಂದಳು. "ಮೈಕೂ ತಗೊಂಡು ಹೋಗು."