ಹಣೆಬೊಟ್ಟು ಮೀನು ಮತ್ತು ಹಳೇ ಎಣ್ಣೆ

ನನ್ನ ತಮ್ಮನದು ಸ್ಕೂಟರ್ ರಿಪೇರಿ ಅಂಗಡಿ. ಅಂಗಡಿಯ ಹಿಂದೆ ನಾವಿಬ್ಬರೂ ಬೆಳೆದ ಮನೆ, ಮನೆಯ ಹಿಂದೆ ಕೊಳ. ಅವನ ದೊಡ್ಡ ಮಗಳು ಸೊಳ್ಳೆಜ್ವರದಿಂದ ಹದಿನೈದು ದಿನ ಮಲಗಿ ಈಗಷ್ಟೇ ಎದ್ದಿದ್ದಳು. ತೊಟ್ಟಿಲಲ್ಲಿ ಇನ್ನೊಂದು ಕೂಸಿತ್ತು.

ನಾನು ಆರೋಗ್ಯ ಕಾರ್ಯಕರ್ತೆ. ಕೂಸನ್ನು ನೋಡಲು ಹೋದರೆ ತಮ್ಮ ಇಂಜಿನ್ನಿನ ಹಳೇ ಎಣ್ಣೆಯ ಡಬ್ಬ ಹಿಡಿದು ಕೊಳದ ಮೆಟ್ಟಿಲ ಮೇಲೆ ನಿಂತಿದ್ದ.

“ಏನೋ, ಕೊಳಕ್ಕೂ ಸರ್ವೀಸಾ?”

“ಸೊಳ್ಳೆ ವಂಶಾನೇ ಇಲ್ಲದಂಗೆ ಮಾಡ್ತೀನಿ ಅಕ್ಕ. ತಡೀಬೇಡ.”

“ಹಣೆಬೊಟ್ಟಿನ ಗತಿ?”

ಅವನ ಕೈ ನಿಂತಿತು. ಹಣೆಬೊಟ್ಟು ನಾವೇ ಇಟ್ಟ ಹೆಸರು. ಬೆರಳುದ್ದದ ಮೀನು, ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ. ನೀರಿನ ಮೇಲ್ಪದರ ಬಿಟ್ಟು ಇಳಿಯುವುದೇ ಅಪರೂಪ. ಇದೇ ಮೆಟ್ಟಿಲಲ್ಲಿ ಬೋರಲು ಮಲಗಿ, ಒಂದೊಂದೇ ಇರುವೆ ಹಾಕಿ, ಯಾರ ಮೀನು ಮೊದಲು ಹಿಡಿಯುತ್ತದೆಂದು ಪಂದ್ಯ ಕಟ್ಟುತ್ತಿದ್ದೆವು. ಬೆನ್ನು ಸುಡುತ್ತಿತ್ತು, ಹೊಟ್ಟೆ ತಣ್ಣಗಿರುತ್ತಿತ್ತು. ಅಮ್ಮ ಮೂರು ಸಲ ಕೂಗಿದರೂ ಏಳುತ್ತಿರಲಿಲ್ಲ.

“ಮೀನು ಮುಖ ನೋಡ್ತಾ ಕೂತ್ರೆ ಕೂಸನ್ನ ಕಾಯೋರ್ಯಾರು?” ಎಂದ.

“ಅದೇ ಕಾಯ್ತಿರೋದು ಕಣೋ. ಸೊಳ್ಳೆಮರಿ ಉಸಿರಾಡೋಕೆ ಮೇಲೆ ಬರುತ್ತೆ, ಇದು ಅಲ್ಲೇ ಹಿಡಿದು ತಿನ್ನುತ್ತೆ. ಎಣ್ಣೆ ಸುರಿದ್ರೆ ಎರಡೂ ಸಾಯುತ್ತೆ. ಸೊಳ್ಳೆ ವಾರದಲ್ಲಿ ವಾಪಸ್ ಬರುತ್ತೆ, ಮೀನು ಬರಲ್ಲ.”

“ಹಂಗಾದ್ರೆ ಜ್ವರದ ಸೊಳ್ಳೆ ಆಕಾಶದಿಂದ ಉದುರ್ತಾ?”

ತಪ್ಪು ಹೇಳಿಬಿಟ್ಟೇನೆಂಬ ಅಳುಕು ನನಗೆ. ನೋಡಿಯೇ ಬಿಡೋಣ ಎಂದೆ. ಕೊಳದಂಚಿನ ಜೊಂಡುಹುಲ್ಲಿನ ಬಳಿ ಬಿಳಿ ತಟ್ಟೆ ಅದ್ದಿ ನೀರು ತೆಗೆದೆವು. ಒಂದು ಸೊಳ್ಳೆಮರಿಯೂ ಇರಲಿಲ್ಲ. ಅಷ್ಟರಲ್ಲಿ ತಮ್ಮನ ಹೆಂಡತಿ ಬಂದು, ಅಂಗಡಿಯ ಹಿಂದೆ ಪೇರಿಸಿದ್ದ ಹಳೇ ಟೈರೊಂದರಲ್ಲಿ ನಿಂತಿದ್ದ ನೀರನ್ನು ಅದೇ ತಟ್ಟೆಗೆ ಬಗ್ಗಿಸಿದಳು. ತಟ್ಟೆ ತುಂಬ ಹುಳಗಳು ಬಳುಕಿದವು.

“ರಿಪೇರಿ ಜೊತೆಗೆ ಸೊಳ್ಳೆ ಸಾಕಾಣಿಕೆನೂ ಇಟ್ಕೊಂಡಿದ್ದೀರಿ ಅಂತ ಗೊತ್ತಿರ್ಲಿಲ್ಲ” ಎಂದಳು.

ತಮ್ಮ ಡಬ್ಬದ ಮುಚ್ಚಳ ಬಿಗಿದು ಒಳಗಿಟ್ಟ. ಸಂಜೆಯೊಳಗೆ ಟೈರುಗಳನ್ನೆಲ್ಲ ಬರಿದು ಮಾಡಿ ಸೂರಿನಡಿ ಜೋಡಿಸಿದ. ತೊಟ್ಟಿಲಿಗೆ ಸೊಳ್ಳೆಪರದೆ ಕಟ್ಟಿದ.

ನನ್ನ ಮಾತನ್ನೇ ನಂಬಬೇಕಿಲ್ಲ, ನೀವೇ ಒಮ್ಮೆ ಮನೆ ಸುತ್ತ ಓಡಾಡಿ ನೋಡಿ. ಟೈರು, ಕುಂಡ, ಡ್ರಮ್ಮು, ಎಲ್ಲಿ ನೀರು ನಿಂತಿದ್ದರೂ ವಾರಕ್ಕೊಮ್ಮೆ ಚೆಲ್ಲಿ. ಬಳಸುವ ನೀರನ್ನು ಮುಚ್ಚಿಡಿ. ಕೆರೆ ಕೊಳಗಳಿಗೆ ಎಣ್ಣೆ, ಸೋಪಿನ ನೀರು ಬಿಡಬೇಡಿ. ಅಂಚಿನ ಜೊಂಡನ್ನು ಪೂರ್ತಿ ಬೋಳಿಸಬೇಡಿ, ಇಂಥ ಮೀನು ಮೊಟ್ಟೆಯಿಡುವುದು ಅಲ್ಲೇ. ನೀರಿಗೆ ಬಾಗಿ ನೋಡುವ ಮಗುವಿಗೆ ಅಲ್ಲಿ ಏನಾದರೂ ಕಾಣುವಂತಿರಲಿ.